ಹಳೆಯ ನಾದ ಯಾರದು?

"ಹಳೇದರ ನಾದ ಹೊಸದಕ್ಕ ಎಲ್ಲಿಂದ ಬರಬೇಕು?" ಕುಷ್ಟಗಿಯ ನಮ್ಮ ಓಣಿಯ ಭಜನಿ ಮೇಳದ ಹಿರಿಯರು ಮಿರಜದ ತಂಬೂರಿ ಮುಟ್ಟಿದಾಗಲೆಲ್ಲ ಹೀಗೆನ್ನುತ್ತಿದ್ದರು. ನಾನೂ ನಂಬಿದ್ದೆ.

ಗಿಟಾರ್ ಪ್ರಿಯರು 1944ಕ್ಕೆ ಮುಂಚಿನ ಮಾರ್ಟಿನ್ ಗಿಟಾರುಗಳ ಬಗ್ಗೆ ಹೇಳುವುದೂ ಇದನ್ನೇ. ಒಣಗಿದ ಮರ ಹಗುರಾಗುತ್ತದೆ, ನಿಜ. ಆದರೆ ಆ ಗಿಟಾರುಗಳ ಮೇಲ್ಹಲಗೆಗೆ ಆಧಾರವಾದ ಒಳಪಟ್ಟಿಗಳನ್ನು ಕೆತ್ತಿ ಹಗುರ ಮಾಡುತ್ತಿದ್ದರು. ದಪ್ಪ ತಂತಿಗಳ ಎಳೆತ ತಾಳಲೆಂದು 1944ರ ಕೊನೆಗೆ ಅದನ್ನು ಕೈಬಿಟ್ಟರು. ವ್ಯತ್ಯಾಸ ವಯಸ್ಸಿನದಷ್ಟೇ ಅಲ್ಲ, ಉಳಿಯದೂ ಹೌದು. 2012ರಲ್ಲಿ ಪ್ಯಾರಿಸ್ ಬಳಿ 10 ಹೆಸರಾಂತ ವಾದಕರು ಕಪ್ಪು ಕನ್ನಡಕ ತೊಟ್ಟು ಹಳೆಯ, ಹೊಸ ಪಿಟೀಲುಗಳನ್ನು ನುಡಿಸಿದರು. 6 ಮಂದಿ ಆರಿಸಿದ್ದು ಹೊಸದನ್ನು.

ನಮ್ಮ ತಂಬೂರಿಯೂ ಒಮ್ಮೆ ಮಂಕಾಯಿತು. ತಂತಿಗಳು ಕುದುರೆಯ ಮೇಲೆ ಗೀರು ಕೊರೆದಿದ್ದವು. ರಿಪೇರಿಯವನು ಕುದುರೆ ಉಜ್ಜಿ, ತಂತಿಯಡಿಯ ನೂಲು ಸರಿಸಿ ಜವಾರಿ ಕೂಡಿಸಿದ, ನಾದ ಮರಳಿತು. ಹಿರಿಯರು ಮತ್ತೆ ಹೊಗಳಿದ್ದು ಹಳೇದನ್ನೇ, ಅವನನ್ನಲ್ಲ.

ನಮ್ಮ ಸಾಹಿತ್ಯ ವಿಮರ್ಶೆಯೂ ಹೀಗೆಯೇ. ಕವಿರಾಜಮಾರ್ಗದಲ್ಲಿ ಕೊಪಣದ ಹೆಸರಿದೆ ಎಂದು ಕೊಪ್ಪಳದ ನಾವು ಹೆಮ್ಮೆಪಡುತ್ತೇವೆ. ಅದು ಕಲಿಸುವ ಕಾವ್ಯದ ಕಸುಬನ್ನು ಎಷ್ಟು ಮಂದಿ ಓದಿದ್ದೇವೆ?