ಅಂಗಡಿಯಲ್ಲಿ ಕೆಲಸ ನಡೆಯುತ್ತಿರಬೇಕು

ಈ ವಾರ ಕಿವಿಟೋಪಿಯ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. 1929ರ ‘ದಿ ಕಾರ್ನಿವಲ್ ಕಿಡ್’ ಎಂಬ ಕಿರುಚಿತ್ರದಲ್ಲಿ ಮಿಕ್ಕಿ ಮೌಸ್ ತನ್ನ ಕಿವಿಗಳನ್ನೇ ಟೋಪಿಯ ಹಾಗೆ ಎತ್ತಿ ಮಿನ್ನಿಗೆ ವಂದಿಸುತ್ತಾನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವ ಆ ತಮಾಷೆ ಸ್ಟುಡಿಯೊದ ಕಲಾವಿದ ರಾಯ್ ವಿಲಿಯಮ್ಸ್ ಮನಸ್ಸಿನಲ್ಲಿ ಉಳಿದುಕೊಂಡಿತು. 1955ರಲ್ಲಿ ಟಿವಿಯಲ್ಲಿ ‘ಮಿಕ್ಕಿ ಮೌಸ್ ಕ್ಲಬ್’ ಶುರುವಾದಾಗ ಮಕ್ಕಳ ತಲೆಗೆ ಎರಡು ದುಂಡು ಕಿವಿಯ ಕಪ್ಪು ಟೋಪಿ ಬಂದದ್ದು ಹೀಗೆ. ಅದೇ ವರ್ಷದ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಟೋಪಿ ಪಾರ್ಕಿನ ಅಂಗಡಿಗೂ ಬಂತು. ಮಗ ಸೊಸೆ ಇರುವ ಊರಿಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿಬರುವ ನಮ್ಮ ಕಡೆಯ ಅಜ್ಜಿ ತಾತಂದಿರ ಪೆಟ್ಟಿಗೆಯಲ್ಲಿ ಈಗಲೂ ಇಂಥದ್ದೊಂದು ಟೋಪಿ ಇರುವುದುಂಟು. ಹಿಂಭಾಗದಲ್ಲಿ ಹಳದಿ ದಾರದಲ್ಲಿ ಊರಲ್ಲಿರುವ ಮೊಮ್ಮಗಳ ಹೆಸರು.

ಆ ಹೆಸರೇ ನನಗೆ ಮುಖ್ಯ. ಟೋಪಿ ಎಲ್ಲರಿಗೂ ಒಂದೇ. ಹೆಸರನ್ನು ಮಾತ್ರ ಒಬ್ಬರು ಯಂತ್ರದ ಮುಂದೆ ಕೂತು, ನಿಮ್ಮಿಂದ ಕಾಗುಣಿತ ಕೇಳಿಕೊಂಡು, ನೀವು ನೋಡುತ್ತಿರುವಾಗಲೇ ಹೊಲಿಯಬೇಕು. ಆ ಎರಡು ನಿಮಿಷ ಮಗು ಕದಲುವುದಿಲ್ಲ. ಪಾರ್ಕಿನ ಅಂಗಡಿ ಎಂಥದ್ದು ಎಂದು ತೂಗುವಾಗ ನಾನು ಕೇಳಿಕೊಳ್ಳುವ ಪ್ರಶ್ನೆಯೂ ಇದೇ: ಇಲ್ಲಿ ಯಾರಾದರೂ ಏನನ್ನಾದರೂ ಮಾಡುತ್ತಿದ್ದಾರೆಯೇ, ಅಥವಾ ಬರೀ ಮಾರುತ್ತಿದ್ದಾರೆಯೇ?

ಡಿಸ್ನಿಲ್ಯಾಂಡಿನ ಹಳೆಯ ಅಂಗಡಿಗಳು ಈ ಪ್ರಶ್ನೆಗೆ ಸೊಗಸಾಗಿ ಉತ್ತರ ಕೊಡುತ್ತವೆ. ಪಾರ್ಕಿನೊಳಗಿನ ಮೇನ್ ಸ್ಟ್ರೀಟ್ ಬೀದಿಯ ಸಿಲುಯೆಟ್ ಸ್ಟುಡಿಯೊ 1956ರಿಂದಲೂ ಇದೆ. ಕಲಾವಿದೆ ನಿಮ್ಮ ಮುಖವನ್ನು ಪಕ್ಕದಿಂದ ನೋಡುತ್ತಾಳೆ. ಪೆನ್ಸಿಲ್ ಮುಟ್ಟುವುದಿಲ್ಲ, ನೇರವಾಗಿ ಕಪ್ಪು ಕಾಗದಕ್ಕೆ ಕತ್ತರಿ ಹಾಕುತ್ತಾಳೆ. ಕತ್ತರಿಗಿಂತ ಹೆಚ್ಚಾಗಿ ಕಾಗದವೇ ತಿರುಗುತ್ತಿರುತ್ತದೆ. ಹಣೆ, ಮೂಗು, ತುಟಿ, ಗಲ್ಲ ಒಂದೇ ಓಟದಲ್ಲಿ ಇಳಿದುಬರುತ್ತವೆ. ಗಾಜಿನ ಅಂಗಡಿಯ ಅರಿಬಾಸ್ ಸಹೋದರರು ಸ್ಪೇನಿನವರು. 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಗಾಜು ಊದುತ್ತಿದ್ದವರನ್ನು ಡಿಸ್ನಿ ಕಂಪನಿ ಪಾರ್ಕಿಗೆ ಕರೆಸಿಕೊಂಡಿತು. ಉರಿಯ ಮುಂದೆ ಗಾಜಿನ ಕಡ್ಡಿ ಮೆತ್ತಗಾಗುವುದನ್ನು ನೋಡಿದ ಮೇಲೆ ಕಪಾಟಿನಲ್ಲಿರುವ ಗಾಜಿನ ಕೋಟೆಯ ಬೆಲೆ ಯಾಕಷ್ಟಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮ್ಯಾಜಿಕ್ ಸಾಮಾನಿನ ಅಂಗಡಿಯಲ್ಲಿ ಹದಿಹರೆಯದ ಸ್ಟೀವ್ ಮಾರ್ಟಿನ್ ಗಿರಾಕಿಗಳಿಗೆ ಇಸ್ಪೀಟಿನ ಕೈಚಳಕ ತೋರಿಸುತ್ತ ನಿಂತಿದ್ದ. ಮುಂದೆ ಅಮೆರಿಕದ ದೊಡ್ಡ ಹಾಸ್ಯನಟನಾದ ಅವನು ತನ್ನ ಆತ್ಮಕಥೆಯಲ್ಲಿ ಆ ಕೌಂಟರಿನ ದಿನಗಳನ್ನು ಪ್ರೀತಿಯಿಂದ ಬರೆದುಕೊಂಡಿದ್ದಾನೆ.

ಪಾರ್ಕಿನ ಅಂಗಡಿ ಎಂದರೆ ಜೇಬಿಗೆ ಒಡ್ಡಿದ ಬಲೆ ಎನ್ನುವವರೊಂದಿಗೆ ನನ್ನ ಜಗಳ ಹಳೆಯದು. ಸವಾರಿ ಮುಗಿಸಿದವರನ್ನು ಅಂಗಡಿಯೊಳಗೇ ಇಳಿಸುತ್ತಾರೆ ಎನ್ನುವುದು ಅವರ ದೊಡ್ಡ ದೂರು. ನಿಜವೇ. ಕ್ಯಾಲಿಫೋರ್ನಿಯಾದಲ್ಲಿ 1967ರಲ್ಲಿ ಶುರುವಾದ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ನಿಮ್ಮನ್ನು ಬೀದಿಗೆ ಬಿಡುತ್ತದೆ. 1973ರಲ್ಲಿ ಫ್ಲೋರಿಡಾದಲ್ಲಿ ಕಟ್ಟಿದ ಅದೇ ಸವಾರಿ ಬಜಾರಿನೊಳಗೆ ಬಿಡುತ್ತದೆ. ಆದರೆ ದಾರಿ ಅಂಗಡಿಯೊಳಗೆ ಹಾಯುವುದು ನನಗೆ ತಪ್ಪಾಗಿ ಕಾಣುವುದಿಲ್ಲ. ನಮ್ಮ ಯಾವ ದೊಡ್ಡ ಜಾತ್ರೆಯಲ್ಲಿ ಬಳೆ ಅಂಗಡಿಗಳ ಸಾಲು ದಾಟದೆ ರಥದ ಹತ್ತಿರ ಹೋಗಲಾದೀತು? ತಪ್ಪಿರುವುದು ಅಂಗಡಿಯಲ್ಲಿರುವ ಸಾಮಾನಿನಲ್ಲಿ. ಕಡಲ್ಗಳ್ಳರ ಬಜಾರಿನಲ್ಲೂ ಬಾಹ್ಯಾಕಾಶದ ಅಂಗಡಿಯಲ್ಲೂ ಒಂದೇ ಗೋದಾಮಿನಿಂದ ಬಂದ ಒಂದೇ ಟೀ ಶರ್ಟ್ ತೂಗುತ್ತಿದ್ದರೆ ಅವು ಎರಡು ಅಂಗಡಿಗಳಲ್ಲ.

ನನ್ನ ಮನಸ್ಸು ಇಂದಿಗೂ ಹುಡುಕುವುದು ನ್ಯೂ ಆರ್ಲಿಯನ್ಸ್ ಸ್ಕ್ವೇರಿನ ‘ಒನ್ ಆಫ್ ಎ ಕೈಂಡ್ ಶಾಪ್’ ಅನ್ನು. 1966ರಲ್ಲಿ ಡಿಸ್ನಿಲ್ಯಾಂಡಿನ ಆ ಮೂಲೆ ತೆರೆದಾಗಲೇ ಶುರುವಾದ ಈ ಅಂಗಡಿಯಲ್ಲಿ ಮಿಕ್ಕಿ ಇರಲಿಲ್ಲ. ಹಳೆಯ ಗಡಿಯಾರ, ಹಳೆಯ ದೀಪ, ಕಪ್ ಸಾಸರ್, ಕುರ್ಚಿಗಳು: ಎಲ್ಲ ಅಸಲಿ ಪುರಾತನ ವಸ್ತುಗಳು. ವಾಲ್ಟ್ ಡಿಸ್ನಿಯ ಹೆಂಡತಿ ಲಿಲಿಯನ್‌ಗೆ ಇಂಥ ವಸ್ತುಗಳ ಮೇಲಿದ್ದ ಮೋಹವೇ ಅದರ ಹಿಂದಿನ ಪ್ರೇರಣೆ. ಹತ್ತಿರದಲ್ಲೇ ಸುಗಂಧದ ಅಂಗಡಿ, ಟೋಪಿಯ ಅಂಗಡಿ. ಬೀದಿಯ ಬಾಲ್ಕನಿಗಳಲ್ಲಿ ಎರಕದ ಕಬ್ಬಿಣದ ಜಾಲರಿ. ಇಲ್ಲಿ ಅಲಂಕಾರ ಯಾವುದು, ಸರಕು ಯಾವುದು ಎಂದು ಬೇರೆ ಮಾಡಲಾಗುತ್ತಿರಲಿಲ್ಲ. ಗೋಡೆಗೆ ಒರಗಿದ್ದ ಕನ್ನಡಿಯನ್ನೇ ಕೊಂಡು ಮನೆಗೆ ಒಯ್ಯಬಹುದಿತ್ತು. ಮೂವತ್ತು ವರ್ಷ ನಡೆದು 1996ರಲ್ಲಿ ಅದು ಮುಚ್ಚಿತು. ಒಂದೊಂದೇ ಇರುವ ವಸ್ತುವನ್ನು ಹುಡುಕಿ ತರಲು ಕಣ್ಣು ಪಳಗಿದ ಒಬ್ಬ ಮನುಷ್ಯ ಬೇಕು, ಆ ಮನುಷ್ಯನಿಗೆ ಸಮಯ ಬೇಕು. ಟೀ ಶರ್ಟಿಗೆ ಎರಡೂ ಬೇಡ.

ಆಮೇಲಿನದು ಜಾಗವನ್ನು ಸರಕು ನುಂಗಿದ ಕಥೆ. ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಮೇನ್ ಸ್ಟ್ರೀಟಿಗೆ ಅಡ್ಡಲಾಗಿ ಒಂದು ಪುಟ್ಟ ಓಣಿಯಿತ್ತು. ಕ್ಷೌರದ ಅಂಗಡಿಯೊಂದು ಅಲ್ಲಿ ನಿಜವಾಗಿಯೂ ಕ್ಷೌರ ಮಾಡುತ್ತಿತ್ತು. 2001ರಲ್ಲಿ ಎಂಪೋರಿಯಂ ಅಂಗಡಿಯನ್ನು ಹಿಗ್ಗಿಸಲು ಆ ಓಣಿಯನ್ನು ಒಳಗೆ ಸೇರಿಸಿಕೊಂಡು, ಕ್ಷೌರದಂಗಡಿಯನ್ನು ಬೇರೆ ಜಾಗಕ್ಕೆ ಕಳಿಸಿದರು. ಅಲಂಕಾರ ಕಡಿಮೆ ಮಾಡಿ ಸರಕು ಎದ್ದು ಕಾಣಿಸಬೇಕು ಎನ್ನುವ ಪಂಥ ಈಗ ಎಲ್ಲ ಕಡೆ ಗೆಲ್ಲುತ್ತಿದೆ: ನುಣುಪು ನೆಲ, ಬೋಳು ಚಾವಣಿ, ನೇರ ಸಾಲುಗಳು. ಅಂಥ ಅಂಗಡಿಯಲ್ಲಿ ಕೊಳ್ಳುವುದು ಸುಲಭ, ನಿಲ್ಲಲು ಕಾರಣವಿಲ್ಲ. ಪಾರ್ಕಿಗೆ ಹೋಗುವವರು ಸುಲಭವಾಗಿ ಕೊಳ್ಳುವುದಕ್ಕೆ ಹೋಗುವುದಿಲ್ಲ. ಆ ಕೆಲಸ ಮನೆಯಲ್ಲಿ ಫೋನಿನಲ್ಲೇ ಆಗುತ್ತದೆ.

ಟೋಪಿಯಿಂದ ದೂರ ಬಂದೆ. ಇಷ್ಟು ಬಂದ ಮೇಲೆ ಸಂಗೀತದ ಮಾತನ್ನೂ ಆಡಿಯೇ ಬಿಡುತ್ತೇನೆ. 1955ರ ಡಿಸ್ನಿಲ್ಯಾಂಡಿನ ಮೇನ್ ಸ್ಟ್ರೀಟಿನಲ್ಲಿ ವುರ್ಲಿಟ್ಜರ್ ಕಂಪನಿಯ ಅಂಗಡಿಯಿತ್ತು. ಪಿಯಾನೊ, ಆರ್ಗನ್‌ಗಳು ಅಲ್ಲಿ ಮಾರಾಟಕ್ಕಿದ್ದವು, ಅಲ್ಲೇ ಕೂತು ಒಬ್ಬರು ಆರ್ಗನ್ ನುಡಿಸುತ್ತಲೂ ಇದ್ದರು. ಹಿನ್ನೆಲೆ ಸಂಗೀತವೂ ಸರಕೂ ಒಂದೇ ಆದ ಅಂಗಡಿ! ಅದು 1968ರ ಹೊತ್ತಿಗೆ ಹೋಯಿತು. ಅಂಥ ಕಡೆ ಈಗ ಕೇಳುವುದು ಅಡಗಿಸಿಟ್ಟ ಸ್ಪೀಕರುಗಳಿಂದ ಹೊಮ್ಮುವ, ಮುಗಿದ ಕೂಡಲೇ ಮೊದಲಿನಿಂದ ಶುರುವಾಗುವ ಸಂಗೀತದ ಸರಪಳಿ. ನಮ್ಮ ಪಾರ್ಕ್ ಅಭಿಮಾನಿಗಳ ಬಳಗದಲ್ಲಿ ಇದಕ್ಕೆ ಲೂಪ್ ಎನ್ನುತ್ತೇವೆ. ಎಷ್ಟೋ ವರ್ಷ ಈ ಲೂಪ್‌ಗಳನ್ನು ಜೋಡಿಸಿದವನು ಜಾಕ್ ವ್ಯಾಗ್ನರ್. ಪಾರ್ಕಿನ ಪ್ರಕಟಣೆಗಳಲ್ಲಿ ಕೇಳುತ್ತಿದ್ದ ದನಿಯೂ ಅವನದೇ. ಹಳೆಯ ರೆಕಾರ್ಡುಗಳಿಂದ ಅವನು ಹೆಕ್ಕಿದ ತುಣುಕುಗಳ ಮೂಲ ಪತ್ತೆ ಮಾಡಲು ಅಭಿಮಾನಿಗಳು ವರ್ಷಗಟ್ಟಲೆ ಹುಡುಕಾಡಿದ್ದಾರೆ. ಆ ಹುಡುಕಾಟದ ಮೇಲೆ ನನಗೆ ಅಪಾರ ಗೌರವ.

ಅಂಗಡಿ ಸಂಗೀತಕ್ಕೆ ಒಂದು ಶಾಸ್ತ್ರವಿದೆ. 1982ರಲ್ಲಿ ರೊನಾಲ್ಡ್ ಮಿಲಿಮನ್ ಪ್ರಕಟಿಸಿದ ಅಧ್ಯಯನದಲ್ಲಿ, ವೇಗದ ಸಂಗೀತ ಹಾಕಿದ ದಿನಗಳಿಗಿಂತ ನಿಧಾನದ ಸಂಗೀತ ಹಾಕಿದ ದಿನಗಳಲ್ಲಿ ಸೂಪರ್ ಮಾರ್ಕೆಟ್ಟಿನ ವ್ಯಾಪಾರ ಶೇ. 38ರಷ್ಟು ಹೆಚ್ಚಿತ್ತು. ಜನ ನಿಧಾನ ನಡೆದರು, ಹೆಚ್ಚು ಕೊಂಡರು. ಅಂದಿನಿಂದ ಮಾಲ್‌ಗಳಿಗೆಲ್ಲ ಇದೇ ವೇದವಾಕ್ಯ. ಮೇನ್ ಸ್ಟ್ರೀಟ್ ಮಾತ್ರ ಈ ಸೂತ್ರಕ್ಕೆ ಬಗ್ಗಿಲ್ಲ. ಅಲ್ಲಿನ ಲೂಪ್ ಕುಣಿಸುವಂಥದ್ದು, ಹೆಜ್ಜೆ ಚುರುಕಾಗಿಸುವಂಥದ್ದು. ‘ಓಕ್ಲಹೋಮ’, ‘ದಿ ಮ್ಯೂಸಿಕ್ ಮ್ಯಾನ್’, ‘ಹಲೋ ಡಾಲಿ’ ನಾಟಕಗಳ ಧಾಟಿಗಳು ಅದರಲ್ಲಿವೆ. 1900ರ ಆಸುಪಾಸಿನ ಬೀದಿಯಲ್ಲಿ 1943ರ, 1957ರ, 1964ರ ಬ್ರಾಡ್‌ವೇ ಧಾಟಿಗಳು ಹೇಗೆ ಸಲ್ಲುತ್ತವೆ ಎಂದು ಶುದ್ಧವಾದಿಗಳು ಕೇಳುತ್ತಾರೆ. ನನ್ನ ಪ್ರಕಾರ ಸಲ್ಲುವುದು ಅವೇ. ಈ ನಾಟಕಗಳ ಕಥೆ ನಡೆಯುವುದು ಆ ಕಾಲದಲ್ಲಿ, ಬರೆದದ್ದು ಅರ್ಧ ಶತಮಾನದ ಆಚೆ ನಿಂತು. ವಾಲ್ಟ್ ಡಿಸ್ನಿ ಮಿಸೌರಿಯ ಮಾರ್ಸಲೀನ್‌ನಲ್ಲಿ ಬೆಳೆಯಲು ಹೋದದ್ದು 1906ರಲ್ಲಿ. ಆ ಊರಿನ ನೆನಪಿನಿಂದ ಬೀದಿ ಕಟ್ಟಿದ್ದು 1955ರಲ್ಲಿ. ಇಟ್ಟಿಗೆಯೂ ಧಾಟಿಯೂ ಬಾಲ್ಯವನ್ನು ಅಷ್ಟೇ ದೂರದಿಂದ ತಿರುಗಿ ನೋಡುತ್ತಿವೆ. 1900ರ ಅಸಲಿ ರೆಕಾರ್ಡನ್ನು ತಂದು ಹಾಕಿದ್ದರೆ ಆ ಬೀದಿ ವಸ್ತುಸಂಗ್ರಹಾಲಯವಾಗಿ ಬಿಡುತ್ತಿತ್ತು.

ಮಿಲಿಮನ್‌ಗಿಂತ ನನಗೆ ಪ್ರಿಯವಾದದ್ದು 1997ರಲ್ಲಿ ಬೆಳಕಿಗೆ ಬಂದ ಇಂಗ್ಲೆಂಡಿನ ಪ್ರಯೋಗ. ವೈನ್ ಕಪಾಟಿನ ಬಳಿ ಒಂದು ದಿನ ಫ್ರೆಂಚ್ ಅಕಾರ್ಡಿಯನ್, ಮರುದಿನ ಜರ್ಮನ್ ಬ್ಯಾಂಡು. ಅಕಾರ್ಡಿಯನ್ ಕೇಳಿದ ದಿನ ಫ್ರೆಂಚ್ ಬಾಟಲಿ ಐದು ಹೋದರೆ ಜರ್ಮನ್ ಒಂದು. ಬ್ಯಾಂಡಿನ ದಿನ ಜರ್ಮನ್ ಎರಡು ಹೋದರೆ ಫ್ರೆಂಚ್ ಒಂದು. ಹಾಡಿನಿಂದ ಕೊಂಡೆವೆಂದು ಒಪ್ಪಿಕೊಂಡವರು ತೀರ ಕಡಿಮೆ. ಒಂದು ನಾಡಿನ ಧಾಟಿ ಕಿವಿಗೆ ಬಿದ್ದರೆ ಆ ನಾಡಿನ ವಸ್ತುವಿಗೆ ಕೈ ಚಾಚುತ್ತದೆ. ಚಾಚಿದ ಕೈಗೆ ಗೋದಾಮಿನ ಟೀ ಶರ್ಟ್ ಸಿಕ್ಕಿದರೆ ಆ ಸಂಗೀತವೆಲ್ಲ ವ್ಯರ್ಥ.

ಸಂಗೀತ ಬೇಡವೆಂದೇ ಬಿಟ್ಟ ಧೈರ್ಯವನ್ನೂ ಮೆಚ್ಚಬೇಕು. 2019ರಲ್ಲಿ ಡಿಸ್ನಿ ಪಾರ್ಕುಗಳಲ್ಲಿ ‘ಸ್ಟಾರ್ ವಾರ್ಸ್: ಗ್ಯಾಲಕ್ಸೀಸ್ ಎಡ್ಜ್’ ಎಂಬ ಭಾಗ ತೆರೆದಾಗ ಅದಕ್ಕೆಂದೇ ಜಾನ್ ವಿಲಿಯಮ್ಸ್ ಬರೆದ ಸ್ವರಮೇಳ ಸಿದ್ಧವಿತ್ತು, ಮರುವರ್ಷ ಗ್ರ್ಯಾಮಿಯನ್ನೂ ಗೆದ್ದಿತು, ಆದರೂ ಓಣಿಗಳಲ್ಲಿ ಅದನ್ನು ಹಿನ್ನೆಲೆಯಾಗಿ ಹಾಕಲಿಲ್ಲ. ನಿಜವಾದ ಸಂತೆಯಲ್ಲಿ ಆಕಾಶದಿಂದ ಸ್ವರಮೇಳ ಇಳಿಯುವುದಿಲ್ಲ ಎನ್ನುವುದು ಅದರ ಹಿಂದಿನ ತರ್ಕ. ಸರಕಿನಲ್ಲೂ ಅದೇ ನಿಷ್ಠೆ. ಆಟಿಕೆ ಅಂಗಡಿಯ ಬೊಂಬೆಗಳು ಆ ಲೋಕದ ಕುಶಲಕರ್ಮಿ ಕೈಯಲ್ಲಿ ಹೊಲಿದಂತಿದ್ದವು. ಕೋಕಾ ಕೋಲಾ ಬಾಟಲಿ ಗುಂಡಗಿನ ಸಿಡಿಗುಂಡಿನ ಆಕಾರದಲ್ಲಿ, ಕಥಾಲೋಕದ ಲಿಪಿಯಲ್ಲಿ ಬಂತು. ವಿಮಾನ ನಿಲ್ದಾಣದ ಭದ್ರತೆಯವರು ಅದನ್ನು ಕೆಲಕಾಲ ತಡೆದದ್ದೂ ಉಂಟು. ಒರ್ಲಾಂಡೊದ ಯೂನಿವರ್ಸಲ್‌ನವರು 2010ರಲ್ಲೇ ಹ್ಯಾರಿ ಪಾಟರ್ ಊರಿನಲ್ಲಿ ಈ ದಾರಿ ಹಿಡಿದಿದ್ದರು. ಒಲಿವ್ಯಾಂಡರನ ಇಕ್ಕಟ್ಟಿನ ಅಂಗಡಿಯಲ್ಲಿ ಗುಂಪಿನಿಂದ ಒಬ್ಬರನ್ನು ಆರಿಸಿ, ಮಂತ್ರದಂಡವೊಂದು ಅವರನ್ನು ಒಪ್ಪುವ ಪುಟ್ಟ ನಾಟಕವನ್ನೇ ಆಡುತ್ತಾರೆ. ಅಂಗಡಿ ಚಿಕ್ಕದು, ಹೊರಗೆ ಸಾಲು ಉದ್ದ, ಯಾರೂ ಗೊಣಗುವುದಿಲ್ಲ.

ಇದೆಲ್ಲ ಓದಿದ ನಮ್ಮವರು ಅದಕ್ಕೆ ಕೋಟಿಗಟ್ಟಲೆ ಡಾಲರ್ ಬೇಕು ಎನ್ನಬಹುದು. ಬೇಕಿಲ್ಲ. ವಂಡರ್‌ಲಾ ಇರುವ ಬಿಡದಿಯಿಂದ ಅದೇ ಮೈಸೂರು ರಸ್ತೆಯಲ್ಲಿ ರಾಮನಗರ ದಾಟಿದರೆ ಚನ್ನಪಟ್ಟಣ. ಅಲ್ಲಿ ಆಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ತಾಳೆಗರಿಯಿಂದ ತಿಕ್ಕಿದರೆ ಹೊಳಪು ಬರುತ್ತದೆ. ನೋಡನೋಡುತ್ತ ಬುಗುರಿಯೊಂದು ಸಿದ್ಧ. ಈ ರಸ್ತೆಯ ಯಾವ ಪಾರ್ಕಾದರೂ ತನ್ನ ಅಂಗಡಿಯ ನಡುವೆ ಒಂದು ಲೇತು ಹಾಕಿ, ಚನ್ನಪಟ್ಟಣದ ಒಬ್ಬ ಕಸುಬುದಾರರನ್ನು ಗೌರವದ ಸಂಬಳ ಕೊಟ್ಟು ಕೂರಿಸಲಿ. ಬಣ್ಣವನ್ನು ಮಗುವೇ ಆರಿಸಲಿ. ಸ್ಪೀಕರಿನಲ್ಲಿ ಸಿನಿಮಾ ಹಾಡು ಹಾಕಲೇಬೇಕು ಎನಿಸಿದರೆ, ಅವರು ಊಟಕ್ಕೆ ಎದ್ದಾಗ ಹಾಕಲಿ.