ವಿಭಾಗಾಧ್ಯಕ್ಷತೆಯ ಅಳತೆಗೋಲು: ಡಾ. ಎಂ. ಎಚ್. ಕೃಷ್ಣರ ಕಾರ್ಯವನ್ನು ಕುರಿತು ಒಂದು ವಿವೇಚನೆ

ವಿಶ್ವವಿದ್ಯಾನಿಲಯದ ಒಂದು ಅಧ್ಯಯನ ವಿಭಾಗವನ್ನು ನಡೆಸಿದವರ ಸಾಧನೆಯನ್ನು ಯಾವ ಆಧಾರದ ಮೇಲೆ ನಿರ್ಣಯಿಸಬೇಕು? ಈ ಪ್ರಶ್ನೆ ನಮ್ಮಲ್ಲಿ ವಿಮರ್ಶೆಗೆ ಬರುವುದು ವಿರಳ. ನಿವೃತ್ತಿಯ ಸಂದರ್ಭದಲ್ಲಿ ಹೊರಡುವ ಅಭಿನಂದನ ಗ್ರಂಥ, ಬೀಳ್ಕೊಡುಗೆಯ ಭಾಷಣ, ಶಿಷ್ಯರ ಸ್ಮರಣೆ, ಇವೇ ಸಾಮಾನ್ಯವಾಗಿ ದೊರೆಯುವ ಸಾಮಗ್ರಿ. ಇತಿಹಾಸದ ವಿದ್ಯಾರ್ಥಿಗೆ ಇವುಗಳ ಸ್ವರೂಪ ಹೊಸದಲ್ಲ. ಶಾಸನಗಳ ಪ್ರಶಸ್ತಿಭಾಗವನ್ನು ಓದುವಾಗ ನಾವು ಯಾವ ಎಚ್ಚರವನ್ನು ವಹಿಸುತ್ತೇವೆಯೋ ಅದೇ ಎಚ್ಚರ ಇಲ್ಲಿಯೂ ಅವಶ್ಯಕ. ರಾಜನನ್ನು ಪ್ರಶಸ್ತಿಯಿಂದ ಅಳೆಯದೆ ಆತನ ಕಾಲದ ದತ್ತಿ, ಕೆರೆ, ತೆರಿಗೆಗಳ ದಾಖಲೆಯಿಂದ ಅಳೆಯುವಂತೆ, ವಿಭಾಗಾಧ್ಯಕ್ಷನನ್ನೂ ಆತನ ಕಾಲದಲ್ಲಿ ವಿಭಾಗವು ಹೊರತಂದ ಲಿಖಿತ ಕಾರ್ಯದಿಂದಲೇ ಅಳೆಯಬೇಕು. ಡಾ. ಎಂ. ಎಚ್. ಕೃಷ್ಣರ ಉದಾಹರಣೆಯನ್ನು ಮುಂದಿಟ್ಟುಕೊಂಡು ಈ ವಾದವನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಬಿ. ಎಲ್. ರೈಸ್, ಆರ್. ನರಸಿಂಹಾಚಾರ್, ಆರ್. ಶಾಮಶಾಸ್ತ್ರಿ ಇವರ ತರುವಾಯ ಮೈಸೂರು ಪ್ರಾಕ್ತನ ವಿಮರ್ಶೆಯ ಇಲಾಖೆಗೆ ಕೃಷ್ಣರು ನಿರ್ದೇಶಕರಾದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿಯೂ ಇದ್ದರು. ಒಂದು ಹುದ್ದೆ ತರಗತಿಗೆ ಸೇರಿದ್ದು, ಇನ್ನೊಂದು ಬಯಲಿಗೆ ಸೇರಿದ್ದು. ಪಾಠಪಟ್ಟಿ, ಪರೀಕ್ಷೆ, ಪ್ರಯಾಣ, ಉತ್ಖನನ, ಮುದ್ರಣ ಇಷ್ಟನ್ನೂ ಒಬ್ಬರೇ ಹೊತ್ತಿದ್ದರೆಂಬುದು ಮೇಲುನೋಟಕ್ಕೆ ಹೊಗಳಿಕೆಗೆ ತಕ್ಕ ಸಂಗತಿ. ಆದರೆ ಕೃಷ್ಣರ ಹಿರಿಮೆ ಹೊರೆಯ ಭಾರದಲ್ಲಿಲ್ಲ. ಅದಕ್ಕೆ ಸಾಕ್ಷಿ ಇಲಾಖೆಯ ವಾರ್ಷಿಕ ವರದಿಗಳಲ್ಲಿದೆ.

ಈ ವರದಿಗಳ ರಚನೆಯನ್ನು ಗಮನಿಸಬೇಕು. ಆಡಳಿತದ ಸಂಗತಿಗಳು ಮೊದಲಲ್ಲಿ ಸಂಕ್ಷೇಪವಾಗಿ ಬರುತ್ತವೆ. ಅನಂತರ ಪ್ರಾಚೀನ ಕಟ್ಟಡಗಳು, ನಾಣ್ಯಗಳು, ಹಸ್ತಪ್ರತಿಗಳು. ಕಡೆಗೆ ಬಹುಪಾಲು ಪುಟಗಳನ್ನು ವ್ಯಾಪಿಸುವ ಶಾಸನಗಳು. ಶಾಸನದ ಮೂಲಪಾಠ, ಲಿಪ್ಯಂತರ, ಅನುವಾದ, ಟಿಪ್ಪಣಿ ಒಂದರ ಕೆಳಗೊಂದು ಅಚ್ಚಾಗಿವೆ. ಸಂಶೋಧಕನ ತೀರ್ಮಾನದ ಜೊತೆಗೆ ಆ ತೀರ್ಮಾನವನ್ನು ಅಲ್ಲಗಳೆಯಲು ಬೇಕಾದ ಸಾಮಗ್ರಿಯೂ ಓದುಗನ ಕೈಸೇರುತ್ತದೆ. ಹಿಂದಿನ ವರದಿಗಳೊಡನೆ ಸರ್ಕಾರದ ಪರಾಮರ್ಶೆಯೂ ಸೇರಿ ಮುದ್ರಿತವಾಗುತ್ತಿದ್ದಿತು. ಹೀಗೆ ಲೆಕ್ಕ ಒಪ್ಪಿಸುವ ಪದ್ಧತಿ ಕೃಷ್ಣರಿಗೆ ಪರಂಪರೆಯಿಂದ ಬಂದದ್ದು. ಅದನ್ನು ತಗ್ಗಿಸದೆ ಬೆಳೆಸಿದ್ದು ಅವರ ಸ್ವಂತ ಸಾಧನೆ.

ಮೂರು ನಿದರ್ಶನಗಳು ಸಾಕು. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಹದಿನಾರು ಸಾಲಿನ ಶಾಸನವನ್ನು ಕೃಷ್ಣರು 1936ರ ವರದಿಯಲ್ಲಿ ಪ್ರಕಟಿಸಿದರು. ಶಾಸನದಲ್ಲಿ ಕಾಲನಿರ್ದೇಶವಿಲ್ಲ. ಅವರು ಅದನ್ನು ಕ್ರಿ. ಶ. ಸುಮಾರು 450ಕ್ಕೆ ಸೇರಿಸಿದರು. ಆ ಕಾಲನಿರ್ಣಯವನ್ನು ಒಪ್ಪಿದವರೂ ಇದ್ದಾರೆ, ಪ್ರಶ್ನಿಸಿದವರೂ ಇದ್ದಾರೆ. ಎರಡು ಪಕ್ಷದವರೂ ವಾದ ಹೂಡಲು ಪಾಠ ಎದುರಿಗಿತ್ತು. ಎರಡನೆಯದು ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಮಯೂರಶರ್ಮನ ಬಂಡೆಗಲ್ಲಿನ ಶಾಸನ. ಕೃಷ್ಣರ ಓದಿನಂತೆ ಅದರಲ್ಲಿ ಪಲ್ಲವ, ಆಭೀರ, ತ್ರೈಕೂಟ ಮೊದಲಾದವರ ಹೆಸರುಗಳಿದ್ದು, ಕದಂಬ ರಾಜನ ವಿಜಯಗಳ ವ್ಯಾಪ್ತಿ ಬಹಳ ವಿಸ್ತಾರವಾಗುತ್ತಿದ್ದಿತು. ಅನಂತರದ ವಿದ್ವಾಂಸರು ಈ ಓದನ್ನು ಸಂಶಯಿಸಿ ಬೇರೆ ಪಾಠವನ್ನು ಸೂಚಿಸಿದರು. ಇದನ್ನು ಕೃಷ್ಣರ ಸೋಲೆಂದು ಎಣಿಸುವವರು ವಿಭಾಗದ ಕರ್ತವ್ಯವನ್ನು ತಪ್ಪಾಗಿ ತಿಳಿದಿದ್ದಾರೆ. ತಿದ್ದುಪಡಿಗೆ ಅವಕಾಶವಿರುವಂತೆ ಪ್ರಕಟಿಸುವುದೇ ಆ ಕರ್ತವ್ಯ.

ಮೂರನೆಯದು ಉತ್ಖನನ. ಚಂದ್ರವಳ್ಳಿಯಲ್ಲಿ 1929ರಲ್ಲಿ ನಡೆದ ಅಗೆತದ ವಿವರವನ್ನು ಕೃಷ್ಣರು ಆ ವರ್ಷದ ವರದಿಗೆ ಪುರವಣಿಯಾಗಿ ಹೊರತಂದರು. ಮುಂದೆ ಬ್ರಹ್ಮಗಿರಿಯಲ್ಲಿಯೂ ಶೋಧನೆ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ದಕ್ಷಿಣದ ಪ್ರಾಗಿತಿಹಾಸದ ಕಾಲಾನುಕ್ರಮವನ್ನು ಸ್ಥಾಪಿಸಲು ಅಗೆಸಿದ್ದು ಈ ಎರಡು ನೆಲೆಗಳನ್ನೇ. ಕೃಷ್ಣರು ತೀರಿಕೊಂಡದ್ದೂ ಅದೇ ವರ್ಷ. ಮಣ್ಣಿನ ಸ್ತರಗಳನ್ನು ಬೇರ್ಪಡಿಸಿ ದಾಖಲಿಸುವಲ್ಲಿ ವೀಲರರ ವಿಧಾನ ಹೆಚ್ಚು ನಿಷ್ಕೃಷ್ಟವಾದದ್ದು ನಿಜ. ಆದರೆ ಎಲ್ಲಿ ಅಗೆಯಬೇಕೆಂಬ ತಿಳಿವಳಿಕೆಗೆ ಮೈಸೂರಿನ ವರದಿಗಳು ಆಗಲೇ ದಾರಿ ಮಾಡಿದ್ದವು.

ಈ ಮಾದರಿಯಲ್ಲಿ ದೋಷವಿಲ್ಲವೆಂದು ಹೇಳಲಾಗದು. ಎರಡು ಸಂಸ್ಥೆಗಳ ಹೊಣೆ ಒಬ್ಬ ವ್ಯಕ್ತಿಯಲ್ಲಿ ಕೂಡಿದಾಗ ಆ ವ್ಯಕ್ತಿಯ ಬಳಿಕ ಕೆಲಸವನ್ನು ಮುಂದುವರಿಸುವವರು ಯಾರೆಂಬ ಪ್ರಶ್ನೆ ಏಳುತ್ತದೆ. ಉತ್ತರಾಧಿಕಾರದ ವಿಷಯದಲ್ಲಿ ಅದೇ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗ ಹೆಚ್ಚು ಪಾಠವನ್ನು ಕಲಿಸುತ್ತದೆ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಕನ್ನಡದ ಉನ್ನತ ವ್ಯಾಸಂಗಕ್ಕೆ ಒತ್ತಾಸೆಯಾಗಿ ನಿಂತರು, 1927ರಲ್ಲಿ ಎಂ. ಎ. ತರಗತಿ ಆರಂಭವಾಯಿತು, ಟಿ. ಎಸ್. ವೆಂಕಣ್ಣಯ್ಯನವರು ಕನ್ನಡದ ಮೊದಲ ಪ್ರಾಧ್ಯಾಪಕರಾದರು. ಆರಂಭದ ತರಗತಿಯಲ್ಲಿ ಓದಿದ ಕುವೆಂಪು 1946ರಲ್ಲಿ ಅದೇ ಪ್ರಾಧ್ಯಾಪಕ ಸ್ಥಾನಕ್ಕೆ ಬಂದರು. ಇಲ್ಲಿ ವಿಭಾಗದ ಕಾರ್ಯ ಮನುಷ್ಯರ ಮೂಲಕ ಮುಂದುವರಿಯಿತು, ಅಲ್ಲಿ ಕಾಗದದ ಮೂಲಕ. ಉತ್ತಮ ಆಡಳಿತಕ್ಕೆ ಎರಡೂ ಬೇಕು.

ಇಂದಿನ ಪರಿಸ್ಥಿತಿಗೆ ಈ ವಿವೇಚನೆ ಹೇಗೆ ಅನ್ವಯಿಸುತ್ತದೆ? ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಕ್ಷಸ್ಥಾನವು ಸೇವಾಜ್ಯೇಷ್ಠತೆಯ ಕ್ರಮದಲ್ಲಿ ಸರದಿಯ ಮೇಲೆ ಬರುತ್ತದೆ. ಒಬ್ಬನೇ ದಶಕಗಳ ಕಾಲ ವಿಭಾಗವನ್ನು ತನ್ನ ಸೊತ್ತಿನಂತೆ ಆಳುವುದನ್ನು ತಡೆಯಲು ಈ ಏರ್ಪಾಡು ನ್ಯಾಯವಾದದ್ದೇ. ಆದರೆ ಅಲ್ಪಾವಧಿಯ ಅಧ್ಯಕ್ಷನು ದೀರ್ಘಾವಧಿಯ ಕಾರ್ಯಕ್ಕೆ ಕೈಹಾಕಲು ಹಿಂಜರಿಯುತ್ತಾನೆ. ಹಿಂದಿನವನು ತೊಡಗಿದ್ದನ್ನು ಮುಂದಿನವನು ಕೈಬಿಟ್ಟರೆ ಕೇಳುವವರಿಲ್ಲ. ಅನೇಕ ವಿಭಾಗಗಳಲ್ಲಿ ಖಾಯಂ ಹುದ್ದೆಗಳು ತೆರವಾಗಿದ್ದು ಬೋಧನೆಯ ಭಾರ ಅತಿಥಿ ಉಪನ್ಯಾಸಕರ ಮೇಲೆ ಬಿದ್ದಿದೆ. ಮುಂದಿನ ವರ್ಷ ತಾವು ಇಲ್ಲಿರುವೆವೋ ಇಲ್ಲವೋ ಎಂಬುದನ್ನು ಅರಿಯದವರಿಂದ ಉತ್ತರಾಧಿಕಾರವನ್ನು ಬಯಸುವುದು ಹೇಗೆ? ಮನುಷ್ಯರ ಮೂಲಕ ಪರಂಪರೆ ಹರಿಯುವ ಕಾಲುವೆ ಹೀಗೆ ಬತ್ತುತ್ತಿರುವಾಗ ಕಾಗದದ ಹೊಣೆ ಇಮ್ಮಡಿಯಾಗುತ್ತದೆ.

ವರದಿಗಳಿಗೆ ಈಗ ಕೊರತೆಯಿಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. 1994ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತಿಗಾಗಿ ಪ್ರತಿಯೊಂದು ವಿಭಾಗವೂ ಕೋಷ್ಟಕಗಳನ್ನು ತುಂಬುತ್ತಿದೆ. ಎಷ್ಟು ವಿಚಾರ ಸಂಕಿರಣಗಳು, ಎಷ್ಟು ಪ್ರಬಂಧಗಳು, ಎಷ್ಟು ಮಂದಿ ಹಾಜರಿ ಎಂಬ ಲೆಕ್ಕ ಅವುಗಳಲ್ಲಿ ದೊರೆಯುತ್ತದೆ. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆ ಇಂಥ ಲೆಕ್ಕ ಕೊಡಬೇಕಾದದ್ದು ಸರಿಯೇ. ಆದರೆ ಆ ಕೋಷ್ಟಕವನ್ನು ಓದಿ ಮತ್ತೊಬ್ಬ ಸಂಶೋಧಕನು ಒಂದು ಶಾಸನದ ಪಾಠವನ್ನು ತಿದ್ದಲಾರ. ಪರೀಕ್ಷಕನ ತೃಪ್ತಿಗಾಗಿ ಬರೆದ ವರದಿಗೂ ವಿದ್ವಾಂಸನ ತಿದ್ದುಪಡಿಗಾಗಿ ಬರೆದ ವರದಿಗೂ ಇರುವ ಅಂತರವನ್ನು ಮೊದಲು ಅರಿಯಬೇಕಾದವನು ವಿಭಾಗಾಧ್ಯಕ್ಷ.

ಆದುದರಿಂದ ಅಧ್ಯಕ್ಷನಿಂದ ನಾವು ಅಪೇಕ್ಷಿಸಬೇಕಾದದ್ದು ಬಹಳವೇನೂ ಅಲ್ಲ. ತನ್ನ ಅವಧಿಯಲ್ಲಿ ಸಂಗ್ರಹವಾದ ಶಾಸನ, ಕಡತ, ಹಸ್ತಪ್ರತಿಗಳ ಸಾಮಗ್ರಿಯನ್ನು ವರ್ಷವರ್ಷವೂ ಅಚ್ಚು ಹಾಕಿಸಲಿ. ಪಡಿಯಚ್ಚು ತೆಗೆದವರಿಂದ ಮೊದಲುಗೊಂಡು ಕೆಲಸಮಾಡಿದವರೆಲ್ಲರ ಹೆಸರುಗಳನ್ನು, ಅತಿಥಿ ಉಪನ್ಯಾಸಕರನ್ನೂ ಸಂಶೋಧನಾ ವಿದ್ಯಾರ್ಥಿಗಳನ್ನೂ ಬಿಡದೆ, ಅದರಲ್ಲಿ ಕಾಣಿಸಲಿ. ಮುಗಿಯದ ಕೆಲಸ ಯಾವುದು, ಅದು ಎಲ್ಲಿಗೆ ನಿಂತಿದೆ ಎಂಬುದನ್ನು ಮರೆಮಾಚದೆ ಬರೆದು ಮುಂದಿನವನಿಗೆ ಒಪ್ಪಿಸಲಿ. ಇಂಥ ವಾರ್ಷಿಕ ಸಂಚಿಕೆಗಳ ಸಾರ್ಥಕ್ಯವೂ ಇದರಲ್ಲಿಯೇ ಇದೆ. ಹಲ್ಮಿಡಿಯ ಪಾಠವನ್ನು ಇಂದಿಗೂ 1936ರ ವರದಿಯೊಡನೆ ಹೋಲಿಸಿ ನೋಡುತ್ತೇವೆ. ನಮ್ಮ ಈ ವರ್ಷದ ಸಂಚಿಕೆಯನ್ನು ಮುಂದೊಂದು ದಿನ ಯಾರಾದರೂ ಹಾಗೆ ತೆರೆದು ನಮ್ಮ ತಪ್ಪನ್ನು ಎತ್ತಿ ತೋರಿಸಿದರೆ, ಈ ವಿಭಾಗವನ್ನು ನಡೆಸಿದವರು ತಮ್ಮ ಕೆಲಸವನ್ನು ಮಾಡಿದ್ದಾರೆಂದೇ ಭಾವಿಸಬೇಕು.