ಕೊಂದವರ ಪಟ್ಟಿ, ಸತ್ತವರ ಪಟ್ಟಿ: ಯುದ್ಧೇತಿಹಾಸದ ಒಂದು ವಿಮರ್ಶೆ

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನವು ಕನ್ನಡ ನಾಡಿನ ವೀರಗಲ್ಲುಗಳಲ್ಲಿ ವಿಶಿಷ್ಟವಾದುದು. ಶಕವರ್ಷ 872ರ, ಎಂದರೆ ಕ್ರಿ.ಶ. 949-50ರ ಈ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರೊಡನೆ ಕಾದಿದುದನ್ನೂ, ಗಂಗ ದೊರೆ ಇಮ್ಮಡಿ ಬೂತುಗನು ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದು ಬನವಾಸಿ ಮೊದಲಾದ ನಾಡುಗಳನ್ನು ಪಡೆದುದನ್ನೂ ಅದು ಹೇಳುತ್ತದೆ. ಅದೇ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನು ಮೆಚ್ಚುಗೆಯಾಗಿ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಂದನ್ನು ಎದುರಿಸಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡಲಾಯಿತು.

ಯುದ್ಧದ ದಾಖಲೆಯೆಂಬ ದೃಷ್ಟಿಯಿಂದ ಈ ಕಲ್ಲನ್ನು ಓದಿದವರಿಗೆ ಒಂದು ತೊಡಕು ಎದುರಾಗುತ್ತದೆ. ಬೂತುಗನು ಆನೆಯ ಮೇಲಿನ ಅಂಬಾರಿಯನ್ನೇ ಕಾಳಗದ ಕಣವಾಗಿಸಿ ರಾಜಾದಿತ್ಯನನ್ನು ಸುರಗಿಯಿಂದ ಇರಿದನೆಂಬುದು ಶಾಸನದ ಮಾತು. ಅದೇ ಪದಗಳನ್ನು ಮೋಸದಿಂದ ಕೊಂದನೆಂದು ಓದಿದ ವಿದ್ವಾಂಸರೂ ಹಿಂದೆ ಇದ್ದರು. ಚೋಳರ ಲೈಡನ್ ತಾಮ್ರಪಟವಾದರೋ, ಆನೆಯ ಮೇಲಿದ್ದ ರಾಜಾದಿತ್ಯನು ಹರಿತವಾದ ಬಾಣಗಳಿಂದ ಎದೆ ಸೀಳಿ ವೀರಸ್ವರ್ಗ ಪಡೆದನೆನ್ನುತ್ತದೆ. ಸಾವು ಒಂದೇ, ಬರಹಗಳು ಎರಡು. ಗೆದ್ದವರ ಕಡೆಯ ಕಲ್ಲಿಗೆ ಕೊಂದವನ ಕೀರ್ತಿ ಮುಖ್ಯವಾಯಿತು. ಸೋತವರ ತಾಮ್ರಪಟಕ್ಕೆ ಸತ್ತವನ ಗೌರವ ಮುಖ್ಯವಾಯಿತು. ಎರಡನ್ನೂ ಎದುರುಬದುರು ಇಟ್ಟು ನೋಡದೆ ಸತ್ಯವನ್ನು ನಿರ್ಣಯಿಸಲಾಗದು.

ಈ ತೊಡಕು ಹಳೆಯ ಕಾಲಕ್ಕೆ ಮಾತ್ರ ಸೇರಿದುದಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ 129ನೆಯ ದಳಕ್ಕೆ ಮೈಸೂರಿನ ಹೆಸರಿತ್ತು; ಅದರ ಲಾಂಛನ ಮೈಸೂರಿನ ಗಂಡಭೇರುಂಡ. ಮಂಡ್ಯ ಜಿಲ್ಲೆಯೂ ಆಗ ಮೈಸೂರು ಸಂಸ್ಥಾನದ ಭಾಗವಾಗಿದ್ದುದರಿಂದ, ಯೂರೋಪಿನ ಆಕಾಶದ ಆ ಯುದ್ಧ ಈ ಸೀಮೆಗೆ ಸಂಪೂರ್ಣ ಹೊರಗಿನದೆನ್ನಲಾಗದು. ಅದೇ ಆಕಾಶದಲ್ಲಿ ರಾತ್ರಿಯ ವೇಳೆ ಬ್ರಿಟಿಷ್ ಬಾಂಬರ್ ವಿಮಾನಗಳು ಜರ್ಮನಿಯ ನಗರಗಳನ್ನು ಸುಡಲು ಹೋಗುತ್ತಿದ್ದವು. ಅವನ್ನು ಕೆಡಹಲು ಜರ್ಮನರು ವಿಶೇಷ ಪಡೆಯೊಂದನ್ನು ಕಟ್ಟಿದ್ದರು. ಜರ್ಮನ್ ಭಾಷೆಯಲ್ಲಿ ಅದರ ಹೆಸರು ನಾಖ್ಟ್‌ಯಾಗ್ಟ್, ಎಂದರೆ ಇರುಳಬೇಟೆ.

ಬಾಂಬರ್ ಪಡೆಯಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಮಂದಿ ಮಡಿದರು. 1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗ್ ನಗರಕ್ಕೆ ಹೊರಟ 795 ವಿಮಾನಗಳಲ್ಲಿ 95 ಮರಳಲಿಲ್ಲ. ಒಂದೊಂದರಲ್ಲಿ ಸಾಮಾನ್ಯವಾಗಿ ಏಳು ಜನ. ಕೆಲವು ಜರ್ಮನ್ ವಿಮಾನಗಳಿಗೆ ಮೇಲ್ಮುಖವಾಗಿ ಗುಂಡು ಹಾರಿಸುವ ಫಿರಂಗಿಗಳನ್ನು ಅಳವಡಿಸಲಾಗಿತ್ತು. ಕತ್ತಲಲ್ಲಿ ಬಾಂಬರ್‌ನ ಹೊಟ್ಟೆಯಡಿ ಸೇರಿ, ರೆಕ್ಕೆಯಲ್ಲಿನ ಇಂಧನದ ತೊಟ್ಟಿಗೆ ಗುರಿಯಿಡುವುದು ಅವರ ಕ್ರಮ. ಬಾಂಬುಗಳಿಗೆ ಗುಂಡು ತಗುಲಿದರೆ ಕೊಂದವನೂ ಸಾಯುವ ಭಯವಿತ್ತು. ಹೊಡೆದವರು ಯಾರೆಂದು ಅನೇಕರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಮರಳಿದ ಜರ್ಮನ್ ವಿಮಾನಚಾಲಕನು ಹೊತ್ತು, ಸ್ಥಳ, ಎತ್ತರ, ಸಾಕ್ಷಿ ಇವನ್ನು ಬರೆದು ತನ್ನ ಹಕ್ಕನ್ನು ಸಲ್ಲಿಸಬೇಕಾಗಿತ್ತು. ಆದರೆ ಗೊಂದಲದ ಆ ಕತ್ತಲಲ್ಲಿ ಒಂದೇ ವಿಮಾನವನ್ನು ಇಬ್ಬರು ತಮ್ಮದೆನ್ನುವುದು, ನೆಲದ ಫಿರಂಗಿದಳವೂ ತನ್ನದೆನ್ನುವುದು ಸಹಜವಾಗಿತ್ತು. ರಾಜಾದಿತ್ಯನ ಸಾವಿನ ತೊಡಕೇ ಇಲ್ಲಿ ರಾತ್ರಿ ರಾತ್ರಿಯೂ ಮರುಕಳಿಸಿತು.

ಈ ಯುದ್ಧವನ್ನು ಕುರಿತ ಬರಹಗಳಲ್ಲಿ ಎರಡು ಬಗೆಗಳುಂಟು. ಮೊದಲನೆಯದು ವಿಮಾನವೀರರ ಚರಿತ್ರೆ. ಹೈಂಜ್ ವೋಲ್ಫ್‌ಗಾಂಗ್ ಷ್ನೌಫರನ ಹೆಸರಿನಲ್ಲಿ 121 ವಿಮಾನಗಳಿವೆ. ಇರುಳಬೇಟೆಯವರಲ್ಲಿ ಅವನದೇ ಅತಿ ಹೆಚ್ಚಿನ ಎಣಿಕೆ. ಯುದ್ಧದಲ್ಲಿ ಉಳಿದ ಅವನು 1950ರಲ್ಲಿ ಫ್ರಾನ್ಸಿನಲ್ಲಿ ರಸ್ತೆ ಅಪಘಾತದಿಂದ ತೀರಿಕೊಂಡ. ಇಂಥ ಗ್ರಂಥಗಳಲ್ಲಿ ಚಾಲಕರನ್ನು ಸಂಖ್ಯೆಯ ಇಳಿಕೆಯ ಕ್ರಮದಲ್ಲಿ ಜೋಡಿಸಿರುತ್ತಾರೆ. ಅಲ್ಲಿ 121 ಎಂಬುದು ಆಟದಲ್ಲಿ ಗಳಿಸಿದ ಅಂಕದಂತೆ ಕಾಣುತ್ತದೆಯೇ ಹೊರತು, ಅದರ ಹಿಂದಿನ ನೂರಾರು ತರುಣರು ಕಾಣುವುದಿಲ್ಲ. ಧೈರ್ಯವನ್ನು ಮೆಚ್ಚುವುದು ತಪ್ಪಲ್ಲ. ಪ್ರಾಣಗಳನ್ನು ಅಂಕವಾಗಿಸುವುದು ತಪ್ಪು.

ಎರಡನೆಯ ಬಗೆ ನಷ್ಟದ ದಾಖಲೆ. ಡಬ್ಲ್ಯು. ಆರ್. ಚೋರ್ಲಿಯವರು 1992ರಿಂದ ಸಂಪುಟ ಸಂಪುಟವಾಗಿ ಹೊರತಂದ ಗ್ರಂಥಮಾಲೆಯಲ್ಲಿ, ಕಳೆದುಹೋದ ಪ್ರತಿ ಬಾಂಬರ್ ವಿಮಾನವೂ ದಿನಾಂಕವಾರು, ಅದರಲ್ಲಿದ್ದವರ ಹೆಸರುಗಳೊಡನೆ ಬರುತ್ತದೆ. ಡಚ್ ಸಂಶೋಧಕ ಥಿಯೋ ಬೋಯ್ಟನ್ ಅವರು 2008ರಿಂದೀಚೆಗೆ ಪ್ರಕಟಿಸಿದ ಕೃತಿಗಳಲ್ಲಿ ಜರ್ಮನ್ ಚಾಲಕರ ಹಕ್ಕುಗಳನ್ನು ಬ್ರಿಟಿಷರ ನಷ್ಟದೊಡನೆ ತಾಳೆ ಹಾಕಿದ್ದಾರೆ. ಮೇಲ್ನೋಟಕ್ಕೆ ಇದು ಲೆಕ್ಕಿಗರ ಒಣ ಕೆಲಸ. ಆದರೆ ಕೊಂದವನ ಸಂಖ್ಯೆಯೊಂದು ಸತ್ತ ಏಳು ಜನರ ಹೆಸರಾಗಿ ಮಾರ್ಪಡುವುದು ಇಲ್ಲಿಯೇ. ಇಂಗ್ಲೆಂಡಿನ ರನ್ನಿಮೀಡ್ ಸ್ಮಾರಕದಲ್ಲಿ ಗೋರಿಯೇ ಇಲ್ಲದ 20,000ಕ್ಕೂ ಹೆಚ್ಚು ವಿಮಾನಯೋಧರ ಹೆಸರುಗಳಿವೆ. ಮಗ ಯಾವ ಕಡಲಿನ ಮೇಲೆ, ಯಾವ ಹೊತ್ತಿನಲ್ಲಿ ಬಿದ್ದನೆಂಬುದನ್ನು ತಿಳಿಯಲು ಅಂಥ ಮನೆಗಳಿಗೆ ಈ ತಾಳೆಪಟ್ಟಿಯೇ ದಾರಿ. ಆದ್ದರಿಂದ ಎರಡನೆಯ ಬಗೆಯ ಬರಹವೇ ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ.

ಹಾಗೆಂದು ಇದೂ ಪೂರ್ಣವಲ್ಲ. ಆಕಾಶದಲ್ಲಿ ಸತ್ತವರ ಎಣಿಕೆ ನಿಖರವಾದಷ್ಟೂ ನೆಲದ ಮೇಲೆ ಸತ್ತವರು ಮರೆಯಾಗುವ ಅಪಾಯವಿದೆ. 1943ರ ಜುಲೈ ಕೊನೆಯಲ್ಲಿ ಹ್ಯಾಂಬರ್ಗ್ ನಗರದಲ್ಲಿ ಬೆಂಕಿಗೆ ಆಹುತಿಯಾದವರು ಸುಮಾರು 35,000ದಿಂದ 40,000 ಮಂದಿ. ಅವರಲ್ಲಿ ಹೆಂಗಸರು, ಮಕ್ಕಳು, ಮುದುಕರು ಅಪಾರ. ಜರ್ಮನ್ ಚಾಲಕನು ತನ್ನ ಊರನ್ನು ಕಾಯುತ್ತಿದ್ದೆನೆಂದು ಹೇಳಬಹುದು. ಶಾಸ್ತ್ರಕಾರರ ವಿಂಗಡಣೆಯಲ್ಲಿ ಅದು ವಿರೋಧಿ ಹಿಂಸೆಯಂತೆ ತೋರಲೂಬಹುದು. ಆದರೆ ಅವನು ಕಾಯುತ್ತಿದ್ದ ಪ್ರಭುತ್ವವೇ ಅದೇ ವರ್ಷಗಳಲ್ಲಿ ಲಕ್ಷಾಂತರ ಯಹೂದಿಯರನ್ನು ಕೊಲ್ಲುತ್ತಿತ್ತು. ಬಾಂಬರ್‌ನಲ್ಲಿ ಕುಳಿತವನು ಆ ಪ್ರಭುತ್ವವನ್ನು ಮುರಿಯಲು ಹೊರಟವನು. ಅವನ ಬಾಂಬು ಬಿದ್ದದ್ದು ಮಲಗಿದ್ದ ಮಕ್ಕಳ ಮೇಲೆ. ಇವೆಲ್ಲವನ್ನೂ ಒಟ್ಟಿಗೆ ನೋಡದ ಇತಿಹಾಸ ಒಂದು ಪಕ್ಷದ ವಕಾಲತ್ತಾಗುತ್ತದೆ. ವಿರೋಧಿ ಹಿಂಸೆ ಗೃಹಸ್ಥನಿಗೆ ಅನಿವಾರ್ಯವಾಗಬಹುದೇ ಹೊರತು ಎಣಿಸಿ ಸಂಭ್ರಮಿಸುವ ವಸ್ತುವಲ್ಲ.

ಇದೇ ಒರೆಗಲ್ಲಿನಲ್ಲಿ ಈ ಸೀಮೆಯ ದಾಖಲೆಗಳನ್ನೂ ತಿಕ್ಕಿ ನೋಡಬೇಕು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪು ಸುಲ್ತಾನನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಯುದ್ಧವಾಯಿತು. ಗೆದ್ದವರ ವರದಿಗಳಲ್ಲಿ ಅವರ ದಳಗಳ, ಅಧಿಕಾರಿಗಳ ಹೆಸರುಗಳಿವೆ. ಸೋತ ಕಡೆಯ ಸಿಪಾಯಿಗಳು ಬರಿಯ ಅಂದಾಜಿನ ಸಂಖ್ಯೆ. ಆತಕೂರಿನ ಕಲ್ಲಿನಲ್ಲಿ ನಾಯಿಗೆ ಹೆಸರಿದೆ, ತಕ್ಕೋಲದಲ್ಲಿ ಸತ್ತ ಸಾಮಾನ್ಯ ಕಾಲಾಳಿಗೆ ಇಲ್ಲ. ಆದರೂ ಆ ಕಲ್ಲು ಒಂದು ವಿಷಯದಲ್ಲಿ ಪ್ರಾಮಾಣಿಕ: ನಾಯಿ ಗೆದ್ದಿತೆಂದು ಅದು ಬರೆಯಲಿಲ್ಲ, ಎರಡೂ ಪ್ರಾಣಿಗಳು ಸತ್ತವೆಂದು ಬರೆಯಿತು.

ಬೂತುಗನ ಮಗ ಮಾರಸಿಂಹನ ನೆನಪಿನ ಬರಹ ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಮೇಲಿದೆ. ಅವನ ಯುದ್ಧವಿಜಯಗಳ ದೀರ್ಘ ಪಟ್ಟಿಯ ಬಳಿಕ, ರಾಜ್ಯವನ್ನು ತ್ಯಜಿಸಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನೆಂಬ ಮಾತು ಬರುತ್ತದೆ. ವಂಶಾವಳಿ ಬರೆಯುವವರು ಸಾಮಾನ್ಯವಾಗಿ ಆ ಮೊದಲ ಭಾಗವನ್ನೇ ಹೆಚ್ಚು ಉದ್ಧರಿಸುತ್ತಾರೆ.

ಮದ್ದೂರು ತಾಲ್ಲೂಕಿನ ಅರೆತಿಪ್ಪೂರು, ನಾಗಮಂಗಲದ ಕಂಬದಹಳ್ಳಿ ಇಂಥ ಕ್ಷೇತ್ರಗಳ ಸುತ್ತಲಿನ ಹಳ್ಳಿಗಳಲ್ಲಿ ಕೆರೆಯ ಏರಿ, ಹೊಲದ ಬದುಗಳ ಮೇಲೆ ವೀರಗಲ್ಲುಗಳನ್ನೂ ನಿಷಿಧಿಗಲ್ಲುಗಳನ್ನೂ ಅರಸಬೇಕಾದ ಕಾಲವಿದು. ಬಸದಿಗಳ ಆಡಳಿತ ಮಂಡಳಿಗಳು ಸ್ಥಳಪುರಾಣ, ಸ್ಮರಣ ಸಂಚಿಕೆಗಳನ್ನು ಅಚ್ಚು ಹಾಕಿಸುವಾಗ ಇಂಥ ಕಲ್ಲುಗಳ ಪಾಠವನ್ನು ಪೂರ್ತಿಯಾಗಿ, ಎದುರು ಪಕ್ಷದ ಸಾಕ್ಷ್ಯ ದೊರೆತಲ್ಲಿ ಅದನ್ನೂ ಸೇರಿಸಿ ಕೊಡುವುದು ಉಚಿತ. ದಾನ ಮಾಡಿದ ದೊರೆಯ ಬಿರುದುಗಳನ್ನು ಅಚ್ಚಿಸಲು ಪುಟಗಳು ದೊರೆಯುತ್ತವೆ. ಅವನ ಕಾಳಗದಲ್ಲಿ ಮಡಿದವರಿಗೆ ಒಂದು ಪುಟವಾದರೂ ಮೀಸಲಾಗಲಿ.